ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಆಗಸ್ಟ್ 5

ಭಾವನವರಿಗೆ ನಮಸ್ಕಾರ.

ಎಂಟು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕಾರಣ ಬಂದಿರದಿದ್ದರೆ ಈಗಲೂ ಬರೆಯುತ್ತಿರಲಿಲ್ಲವೇನೋ. ಕಾಗದದ ಹಿಂಬದಿಯ ಅಚ್ಚು ನೋಡಿ ಬೇಸರಪಡಬೇಡಿ. ನಿಮ್ಮ ತಮ್ಮ ಪ್ರೆಸ್ಸಿನಿಂದ ತರುತ್ತಿದ್ದ ಹಳೆಯ ಕರಡು ಹಾಳೆಗಳು ಇವು. ಅವರು ತೀರಿಹೋದ ಮೇಲೆ ದಿನಾ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಮಾಡಿಕೊಂಡಿದ್ದೇನೆ, ಇದೇ ಹಾಳೆಗಳಲ್ಲಿ.

ವಿಷಯ ಇಷ್ಟು. ಪ್ರೆಸ್ಸಿನವರು ಹಿಂದಿನ ಕೋಣೆಯನ್ನು ಕೆಡವುತ್ತಿದ್ದಾರೆ. ಅವರ ಪುಸ್ತಕಗಳೆಲ್ಲ ಅಲ್ಲೇ ಇದ್ದವು. ಮೂವತ್ತು ವರ್ಷದಲ್ಲಿ ಅವರು ಕರಡು ತಿದ್ದಿದ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿ. ಅವೂ ಮಾರಾಟಕ್ಕೆ ಆಗದವು: ಪುಟ ತಲೆಕೆಳಗಾದದ್ದು, ಮಸಿ ಚೆಲ್ಲಿದ್ದು, ರಟ್ಟು ಓರೆಯಾಗಿ ಕೂತದ್ದು. ಹೋದ ವಾರ ಕೈಗಾಡಿಯಲ್ಲಿ ಮೂವತ್ತೆಂಟು ಕಟ್ಟುಗಳನ್ನು ತಂದು ನನ್ನ ಬಾಗಿಲಲ್ಲಿ ಇಳಿಸಿದರು. ಐನೂರ ಮೂವತ್ತು ಪುಸ್ತಕ ಅಂತ ಚೀಟಿಯಲ್ಲಿದೆ. ಗ್ರಂಥಾಲಯಕ್ಕೆ ಹೋಗಿ ಕೇಳಿದೆ. "ಕೆಟ್ಟ ಪ್ರತಿ ನಾವು ತಗೊಳ್ಳಲ್ಲಮ್ಮ" ಅಂದರು. ನನಗೆ ಒಳಗೊಳಗೇ ಸಮಾಧಾನವಾಯಿತು.

ಆದರೆ ನಮ್ಮ ಮನೆಯ ಒಡತಿ ನೋಡಿದರು. ಸೊಂಟದಲ್ಲಿ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡು ಓಡಾಡುವುದರಿಂದ ನಾವಿಬ್ಬರೂ ಅವರನ್ನು ಬೀಗದಮ್ಮ ಅನ್ನುತ್ತಿದ್ದೆವು. "ಏನಮ್ಮಾ ಇದು, ಮನೆಯೋ ರದ್ದಿ ಅಂಗಡಿಯೋ? ನೆಲದ ಮೇಲೆ ಇಷ್ಟು ಕಾಗದ ಇಟ್ಟರೆ ಗೆದ್ದಲಿಗೆ ಓಲೆ ಕಳಿಸಿ ಕರೆದ ಹಾಗೆ" ಅಂದರು. ಸೆಪ್ಟೆಂಬರ್ 30ಕ್ಕೆ ಗೆದ್ದಲಿನ ಔಷಧಿ ಹೊಡೆಯುವವರು ಬರುತ್ತಾರಂತೆ. ಅಷ್ಟರೊಳಗೆ ಒಂದು ಪುಸ್ತಕವೂ ನೆಲದ ಮೇಲೆ ಇರಕೂಡದು, ಇದ್ದರೆ ಅವತ್ತೇ ರದ್ದಿಯವನ ಗಾಡಿಗೆ.

ನೀವು ಬಡಗಿಗಳು. ಒಂದು ಕಪಾಟು ಮಾಡಿ ಕಳಿಸಿದರೆ ಅಥವಾ ಬಂದು ಮಾಡಿಕೊಟ್ಟರೆ ಉಪಕಾರ. ನನ್ನ ಸಲುವಾಗಿ ಅಲ್ಲ.

ಅಕ್ಕನಿಗೆ ನಮಸ್ಕಾರ ಹೇಳಿ.


ಆಗಸ್ಟ್ 12

ತಮ್ಮನ ಹೆಂಡತಿಗೆ,

ನಿನ್ನ ಕಾಗದ ಬಂತು. ನನಗೆ ಕೈತುಂಬ ಕೆಲಸ. ಅದಕ್ಕೇ ಇದನ್ನು ನನ್ನವಳ, ಅಂದರೆ ನಿನ್ನ ಅಕ್ಕನ ಕೈಯಲ್ಲಿ ಬರೆಸುತ್ತಿದ್ದೇನೆ. ಬರಲು ಆಗುವುದಿಲ್ಲ. ಇಲ್ಲಿಂದ ಕಪಾಟು ಕಳಿಸಿದರೆ ದಾರಿಯಲ್ಲೇ ಸಂದು ಬಿಟ್ಟು ಸೌದೆಯಾಗಿ ಬಂದು ಸೇರುತ್ತದೆ.

ಬಾಗಿಲಿನ ಕಪಾಟು ಬೇಡ. ಬಾಗಿಲೇ ಅರ್ಧ ಖರ್ಚು, ಅರ್ಧ ಕಿರಿಕಿರಿ. ಪುಸ್ತಕಕ್ಕೆ ಗಾಳಿ ಬೇಕು. ತೆರೆದ ಕಪಾಟು ಸಾಕು. ಊರಲ್ಲಿ ಒಬ್ಬ ಬಡಗಿಯನ್ನು ಹಿಡಿ. ಅಳತೆ ನಾನು ಹೇಳುತ್ತೇನೆ, ಅವನು ಕೊಯ್ಯಲಿ.

ಮೊದಲು ಗೋಡೆಯ ಅಳತೆ ಬರೆದು ಕಳಿಸು. ಆಮೇಲೆ ಕಟ್ಟೆಲ್ಲ ಬಿಚ್ಚಿ ಪುಸ್ತಕಗಳನ್ನು ನಿಲ್ಲಿಸಿ, ಬೆನ್ನು ಹೊರಗೆ ಮಾಡಿ ಸಾಲಾಗಿ ಜೋಡಿಸಿ, ಸಾಲು ಎಷ್ಟು ಅಡಿ ಆಗುತ್ತದೆ ಅಂತ ಟೇಪು ಹಿಡಿ. ಎಷ್ಟು ಪುಸ್ತಕ ಅನ್ನುವುದು ಬಡಗಿಗೆ ಬೇಕಿಲ್ಲ. ಎಷ್ಟು ಅಡಿ ಅನ್ನುವುದು ಬೇಕು. ಎಲ್ಲಕ್ಕಿಂತ ಎತ್ತರದ ಪುಸ್ತಕ ಯಾವುದು, ಅದನ್ನೂ ಅಳೆ.

ಇಷ್ಟೇ.


ಆಗಸ್ಟ್ 20

ಭಾವನವರಿಗೆ,

ನಿಮಗೆ ಕೆಲಸ ಹೆಚ್ಚು ಅಂತ ತಿಳಿಯದೆ ಕೇಳಿದೆ. ತಪ್ಪಾಯಿತು. ಅವರು ಹೋದ ದಿನವೂ ನೀವು ಬಂದು, ಬಾಗಿಲ ಹತ್ತಿರ ಕೈ ಕಟ್ಟಿಕೊಂಡು ನಿಂತು, ಸಂಜೆಯ ಬಸ್ಸಿಗೇ ಹೊರಟಿರಿ. ಆಗಲೂ ಕೆಲಸ ಇದ್ದಿರಬೇಕು.

ಅಳತೆ: ನಡುಮನೆಯಲ್ಲಿ ಗೋಡೆಗೂ ಕಂಬಕ್ಕೂ ನಡುವೆ ಜಾಗ ಇದೆ. ಅಗಲ ಐದು ಅಡಿ ಎರಡು ಇಂಚು. ಸೂರಿನವರೆಗೆ ಒಂಬತ್ತು ಅಡಿ. ಪುಸ್ತಕದ ಸಾಲು ಮೂವತ್ತೊಂದು ಅಡಿ. ಎತ್ತರದ ಪುಸ್ತಕ ಒಂಬತ್ತೂವರೆ ಇಂಚು, ಅದೊಂದು ಪಶುವೈದ್ಯದ ಪುಸ್ತಕ.

ಅಷ್ಟುದ್ದ ಜಾಗವಿಲ್ಲದೆ ನಾಲ್ಕು ನಾಲ್ಕು ಕಟ್ಟು ಬಿಚ್ಚಿ, ಅಳೆದು, ಪೇರಿಸಿಟ್ಟೆ; ಸಾಲು ಅಳೆಯಲು ಮೂರು ದಿನ ಹಿಡಿಯಿತು. ಕಟ್ಟುಗಳ ಗಂಟು ಅವರೇ ಹಾಕಿದ್ದು. ಒಂದೊಂದಕ್ಕೂ ಎರಡೆರಡು ಸುತ್ತು. ಕತ್ತರಿ ಪಕ್ಕದಲ್ಲೇ ಇತ್ತು, ನನ್ನ ಕಸುಬಿನದು. ಹಾಕಲಿಲ್ಲ. ಉಗುರಿನಲ್ಲೇ ಬಿಚ್ಚಿದೆ. ದಾರ ಸುತ್ತಿ ಡಬ್ಬದಲ್ಲಿ ಇಟ್ಟಿದ್ದೇನೆ.

ಕೆಲಸಕ್ಕೆ ಒಬ್ಬರು ಸಿಕ್ಕಿದ್ದಾರೆ. ಮರದ ಕೆಲಸ ಹೊಸದು, ಆದರೆ ಹೇಳಿದ ಮಾತು ಕೇಳುವ ಪೈಕಿ. ನೀವು ಬಿಡಿಸಿ ಬರೆದರೆ ಹಾಗೇ ಮಾಡುತ್ತಾರೆ.


ಆಗಸ್ಟ್ 27

ತಮ್ಮನ ಹೆಂಡತಿಗೆ,

ಹೊಸಬ ಅಂದಮೇಲೆ ದೇವರೇ ಕಾಪಾಡಬೇಕು. ಇರಲಿ, ಅವನ ಮುಂದೆ ಕೂತು ಗಟ್ಟಿಯಾಗಿ ಓದು.

ಒಂದೇ ದೊಡ್ಡ ಕಪಾಟು ಬೇಡ, ಎರಡು ಚಿಕ್ಕವು. ಅಡ್ಡಹಲಗೆ ಎರಡೂವರೆ ಅಡಿಗಿಂತ ಉದ್ದವಾದರೆ ಪುಸ್ತಕದ ಭಾರಕ್ಕೆ ವರ್ಷದೊಳಗೆ ಜೋತುಬೀಳುತ್ತದೆ. ಮರ ಅಂಗಡಿಯಲ್ಲಿ ಕೊಳ್ಳಬೇಡ. ಪಂಪು, ಮೋಟಾರು ಮಾರುವವರ ಹತ್ತಿರ ಯಂತ್ರ ಬಂದ ಮರದ ಪೆಟ್ಟಿಗೆಗಳು ಬಿದ್ದಿರುತ್ತವೆ. ಎಂಟು ಇಂಚು ಅಗಲ, ಒಂದು ಇಂಚು ದಪ್ಪದವು ಆರಿಸು. ಮೊಳೆ ಕಿತ್ತ ಮೇಲೆ ಆಯಸ್ಕಾಂತ ಹಿಡಿದು ನೋಡಲಿ. ಒಳಗೆ ಮುರಿದ ಮೊಳೆ ಇದ್ದರೆ ಗರಗಸದ ಹಲ್ಲು ಹೋಗುತ್ತದೆ.

ನಿಲುವು ಹಲಗೆ ನಾಲ್ಕು, ಆರು ಅಡಿ ನಾಲ್ಕು ಇಂಚು. ಅಡ್ಡಹಲಗೆ ಹದಿನಾಲ್ಕು, ಇಪ್ಪತ್ತೆಂಟು ಇಂಚು. ಅದರ ಕೆಳಗೆ ಎರಡೂ ತುದಿಯಲ್ಲಿ ಎಂಟು ಇಂಚಿನ ಆಧಾರದ ಪಟ್ಟಿ. ಅಡ್ಡಹಲಗೆ ಪಟ್ಟಿಯ ಮೇಲೆ ಕೂರಬೇಕು, ಸ್ಕ್ರೂ ಮೇಲೆ ನೇತಾಡಬಾರದು. ಹಿಂದೆ ಮೂಲೆಯಿಂದ ಮೂಲೆಗೆ ಎರಡು ಓರೆಪಟ್ಟಿ. ಅದಿಲ್ಲದಿದ್ದರೆ ಕಪಾಟು ಕುಡಿದವನ ಹಾಗೆ ಪಕ್ಕಕ್ಕೆ ವಾಲುತ್ತದೆ. ಎರಡೂ ಸೇರಿ ಐದು ಅಡಿ ಆಗುತ್ತದೆ, ನಿನ್ನ ಜಾಗದಲ್ಲಿ ಎರಡು ಇಂಚು ಉಳಿಯುತ್ತದೆ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಲೋಕದಲ್ಲಿ ನೆಟ್ಟಗಿರುವ ಗೋಡೆ ಇನ್ನೂ ಹುಟ್ಟಿಲ್ಲ.

ಕೊಯ್ಯುವಾಗ ಗರಗಸವನ್ನು ಒತ್ತಬಾರದು. ಅದರ ತೂಕಕ್ಕೇ ಅದು ಇಳಿಯಬೇಕು. ಎಳೆಯುವಾಗ ಉಸಿರು ಬಿಡಬೇಕು.

ನನ್ನ ತಮ್ಮನಿಗೆ ಹೇಳಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಯ್ಯುವುದನ್ನು ಮಧ್ಯೆ ನಿಲ್ಲಿಸಿ, ಹಲಗೆಗೆ ಸುತ್ತಿ ಬಂದ ಹಳೆಯ ಕಾಗದ ಓದುತ್ತ ಕೂರುತ್ತಿದ್ದ. "ಮರ ತಿನ್ನೋ ಹುಳ ನೋಡಿದೀನಿ, ಕಾಗದ ತಿನ್ನೋ ಹುಳ ನೀನೇ ಮೊದಲು" ಅಂತ ಬೈಯುತ್ತಿದ್ದೆ.

ಅದು ಬಿಡು.


ಸೆಪ್ಟೆಂಬರ್ 5

ಭಾವನವರಿಗೆ,

ನೀವು ಹೇಳಿದ ಹಾಗೆ ಪಂಪಿನ ಅಂಗಡಿಯಿಂದ ಪೆಟ್ಟಿಗೆಗಳು ಸಿಕ್ಕವು. ಒಯ್ದರೆ ಸಾಕು ಅಂದರು. ಆಯಸ್ಕಾಂತ ಮನೆಯಲ್ಲೇ ಇತ್ತು. ನೆಲಕ್ಕೆ ಬಿದ್ದ ಗುಂಡುಸೂಜಿ ಹೆಕ್ಕುವುದು ಅದರಲ್ಲೇ. ಗರಗಸ ಕೊಂಡಾಯಿತು. "ಯಾರಿಗಮ್ಮಾ?" ಅಂತ ಕಬ್ಬಿಣದ ಅಂಗಡಿಯವರು ಕೇಳಿದರು. "ಮನೇಲಿ ಒಬ್ಬರಿದಾರೆ" ಅಂದೆ.

ಮೊದಲ ಹಲಗೆಗೆ ಒಂದು ಇಡೀ ಬೆಳಗು ಬೇಕಾಯಿತು. ಗರಗಸ ಒತ್ತಬಾರದು ಅಂತ ನೀವು ಬರೆದದ್ದನ್ನು ಎರಡನೇ ಹಲಗೆಯಲ್ಲಿ ನಂಬಿದ್ದು. ಹದಿನಾಲ್ಕೂ ಮುಗಿದವು. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಕೆಲಸ ಮಾಡಿದವರಿಗೆ.

ಈಗ ಕಷ್ಟ ಏನೆಂದರೆ, ಎಲ್ಲ ಮುಗಿದ ಮೇಲೆ ನಿಮ್ಮ ಪಟ್ಟಿ ಇಟ್ಟುಕೊಂಡು ಟೇಪು ಹಿಡಿದೆ. ಅಡ್ಡಹಲಗೆಗಳು ಒಂದೊಂದೂ ಇಪ್ಪತ್ತೊಂಬತ್ತು ಇಂಚು ಇವೆ. ಹದಿನಾಲ್ಕೂ. ನಿಲುವು ಹಲಗೆ ನಾಲ್ಕೂ ಎರಡೆರಡು ಇಂಚು ಜಾಸ್ತಿ. ಏನು ಮಾಡಬೇಕು?

ಬೀಗದಮ್ಮ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮಾತಾಡುವುದಿಲ್ಲ. ಕೈಗೊಂಚಲು ಮಾತಾಡುತ್ತದೆ.


ಸೆಪ್ಟೆಂಬರ್ 10

ತಂಗಿ,

ಆ ಕತ್ತೆಯ ಕೈಯಿಂದ ಗರಗಸ ಕಿತ್ತುಕೋ!

ಅಕ್ಕ ಕೆಲವು ಮಾತು ಬರೆಯಲು ಒಪ್ಪುತ್ತಿಲ್ಲ, ಬಿಟ್ಟಿದ್ದೇನೆ. ನಾಲ್ಕು ಅಕ್ಷರದ ಅಳತೆ ಓದಿ ಹೇಳಿದರೆ ಅಷ್ಟು ಕೊಯ್ಯಲು ಬಾರದವನು ಬಡಗಿಯೇ? ಅವನ ಗುರು ಯಾರು ಕೇಳು. ನಾನೇ ಅವನಿಗೊಂದು ಕಾಗದ ಹಾಕುತ್ತೇನೆ.

ಆದರೆ ಒಂದು ಮಾತು ನನಗೆ ಹಿಡಿಸುತ್ತಿಲ್ಲ. ಎರಡು ದಿನದಿಂದ ತಲೆ ತಿನ್ನುತ್ತಿದೆ. ಕೆಲಸ ಬಾರದವನು ಒಂದು ಹಲಗೆ ಕಾಲು ಇಂಚು ಹೆಚ್ಚು ಕೊಯ್ದರೆ ಮತ್ತೊಂದನ್ನು ಅರ್ಧ ಇಂಚು ಕಡಿಮೆ ಕೊಯ್ಯುತ್ತಾನೆ. ಇವನು ಹದಿನಾಲ್ಕು ಹಲಗೆಯನ್ನೂ ಒಂದೇ ಅಳತೆಗೆ ತಪ್ಪಿದ್ದಾನೆ. ಕೂದಲೆಳೆ ಆಚೀಚೆ ಇಲ್ಲ. ನಲವತ್ತು ವರ್ಷದ ಕಸುಬುದಾರನ ಕೈ ಇದು. ಇಂಥ ಕೈ ಇರುವವನು ಯಾಕೆ ತಪ್ಪಿದ? ನನ್ನ ಕಾಗದ ಓದಿ ನಗಲಿಕ್ಕೆ ಮಾಡಿದನೋ?

ಕುಡಿಯುತ್ತಾನೋ? ಯಾರವನು? ಸರಿಯಾಗಿ ಬರಿ.


ಸೆಪ್ಟೆಂಬರ್ 15

ಭಾವ,

ಆ ಕತ್ತೆ ನಾನೇ.

ಬೇರೆ ಬಡಗಿ ಯಾರೂ ಇಲ್ಲ. ಮೊದಲು ಇಬ್ಬರನ್ನು ಕೇಳಿದ್ದೆ. ಒಬ್ಬರು ಬಂದು, ಪುಸ್ತಕ ನೋಡಿ, "ಇದಕ್ಕೆ ಕಪಾಟು ಯಾಕಮ್ಮ, ಗೋಣಿ ಚೀಲ ಸಾಕು" ಅಂದರು. ಅವರು ಕೂತ ಕುರ್ಚಿ ಒರೆಸಿ ಇಟ್ಟೆ. ಆಮೇಲೆ ಯಾರನ್ನೂ ಕರೆಯಲಿಲ್ಲ. ನಾನೇ ಮಾಡುತ್ತೇನೆ ಅಂದರೆ ನೀವು ಅಳತೆ ಹೇಳುತ್ತಿರಲಿಲ್ಲ ಅನಿಸಿತು. ಅದಕ್ಕೇ ಮುಚ್ಚಿಟ್ಟೆ.

ಒಂದು ಇಂಚು ಯಾಕೆ ಹೆಚ್ಚಾಯಿತು ಅಂತ ನಾನೂ ಬಹಳ ಯೋಚಿಸಿದೆ. ನಿಮ್ಮ ಕಾಗದ ಬಂದ ಮೇಲೆ ಒಂದು ಚೂರು ಹಲಗೆ ಇಟ್ಟುಕೊಂಡು, ನನ್ನ ಕೈಯನ್ನು ನಾನೇ ನೋಡುತ್ತ ಗೆರೆ ಎಳೆದೆ. ಟೇಪಿನಲ್ಲಿ ಇಪ್ಪತ್ತೆಂಟಕ್ಕೆ ಬೆರಳು ಇಟ್ಟೆ. ಕೈ ತಾನಾಗಿ ಆ ಕಡೆ ಅರ್ಧ, ಈ ಕಡೆ ಅರ್ಧ ಇಂಚು ಸರಿದು ಸೀಮೆಸುಣ್ಣದಲ್ಲಿ ಗೆರೆ ಹಾಕಿತು. ಇಪ್ಪತ್ತಾರು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದೇನೆ ಭಾವ. ಎರಡೂ ಬದಿ ಹೊಲಿಗೆಗೆ ಬಿಡದೆ ಕತ್ತರಿ ಹಾಕಿದ್ದೇ ಇಲ್ಲ.

ನಿಲುವು ಹಲಗೆಯ ಎರಡು ಇಂಚು ಹೇಳಲು ಇನ್ನೂ ನಾಚಿಕೆ. ಅದು ಕೆಳಗೆ ಅಂಚು ಮಡಚಲಿಕ್ಕೆ.

ಇದನ್ನು ಕಂಡುಹಿಡಿದಾಗ ಹಲಗೆಗಳ ನಡುವೆ ಕೂತು ನಕ್ಕುಬಿಟ್ಟೆ. ಜೋರಾಗಿಯೇ. ಒಂಬತ್ತು ತಿಂಗಳಲ್ಲಿ ಮನೆಯಲ್ಲಿ ಅಂಥ ಸದ್ದು ಆಗಿರಲಿಲ್ಲ. ಬೀಗದಮ್ಮ ಓಡಿ ಬಂದು, "ಏನಾಯ್ತಮ್ಮಾ, ಹುಷಾರಾಗಿದೀಯಾ?" ಅಂದರು. "ಹಲಗೆಗೆ ಅಂಚು ಮಡಚೋಕೆ ಬಿಟ್ಟಿದ್ದೆ ಅಮ್ಮಾ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಹಣೆ ಮುಟ್ಟಿ ನೋಡಿ ಹೋದರು.

ನಕ್ಕದ್ದು ಹಾಗೇ ಅಳುವಾಯಿತು. ಅದನ್ನು ಅವರು ನೋಡಲಿಲ್ಲ.

ಇನ್ನು ಹದಿನೈದು ದಿನ ಇದೆ. ಹದಿನಾಲ್ಕನ್ನೂ ಮತ್ತೆ ಕೊಯ್ಯಲೇ?


ಸೆಪ್ಟೆಂಬರ್ 18

ಬಡಗಿಗೆ,

ಕೊಯ್ಯಬೇಡ! ಒಂದನ್ನೂ ಮುಟ್ಟಬೇಡ!

ಎಲ್ಲ ಹಲಗೆಯೂ ಒಂದೇ ಥರ ಉದ್ದ ಇದ್ದರೆ ಅದು ತಪ್ಪಲ್ಲ, ಅದು ಬೇರೆ ಅಳತೆಯ ಕಪಾಟು. ಮತ್ತೆ ಕೊಯ್ದರೆ ಹದಿನಾಲ್ಕು ಥರ ಆಗುತ್ತವೆ. ಇಪ್ಪತ್ತೊಂಬತ್ತಕ್ಕೆ ಎರಡು ನಿಲುವಿನ ದಪ್ಪ ಸೇರಿದರೆ ಮೂವತ್ತೊಂದು, ಎರಡು ಕಪಾಟಿಗೆ ಅರವತ್ತೆರಡು. ನಿನ್ನ ಜಾಗವೂ ಅರವತ್ತೆರಡು. ನಾನು ಬಿಟ್ಟಿದ್ದ ಎರಡು ಇಂಚನ್ನು ನೀನು ತಿಂದುಹಾಕಿದ್ದೀಯ ಅಷ್ಟೇ. ನಿಲುವಿನ ಎರಡು ಇಂಚೂ ಇರಲಿ. ಕೆಳಗಿನ ಅಡ್ಡಹಲಗೆಯನ್ನು ನೆಲದಿಂದ ಆರು ಇಂಚು ಮೇಲೆ ಕೂರಿಸು, ಔಷಧಿ ಹೊಡೆಯುವವರ ಕೊಳವೆ ಸಲೀಸಾಗಿ ಒಳಗೆ ಹೋಗುತ್ತದೆ.

ಗೋಡೆಗೂ ಕಂಬಕ್ಕೂ ನಡುವಿನ ಜಾಗವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆ. ನೀನು ಒಂದೇ ಕಡೆ ಅಳೆದಿದ್ದೀಯ ಅಂತ ನನಗೆ ಗೊತ್ತು.

ಹಲಗೆ ಹೆರೆದು ನಯ ಮಾಡಲು ನನ್ನ ಉಜ್ಜುಗೊರಡನ್ನು ಪಾರ್ಸೆಲ್ ಮಾಡಿ ಕಳಿಸುತ್ತಿದ್ದೇನೆ. ನಮ್ಮಪ್ಪನದು. ಹಿಡಿ ಕೈಗೆ ಹೊಂದಿಕೊಳ್ಳಲು ಎರಡು ದಿನ ಬೇಕು. ಮರದ ಎಳೆ ಓಡುವ ದಿಕ್ಕಿಗೆ ತಳ್ಳು, ಎದುರಿಗೆ ತಳ್ಳಿದರೆ ಸಿಬಿರು ಏಳುತ್ತದೆ.

ಹೊಲಿಗೆಗೆ ಅರ್ಧ ಇಂಚು! ಅಂಚಿಗೆ ಎರಡು ಇಂಚು! ಬಟನ್ನು ಎಲ್ಲಿ ಹಾಕಿದೆ ಅಂತಲೂ ಬರಿ.

(ಅವರು ಪಾರ್ಸೆಲ್ ಕಟ್ಟುವ ಹಗ್ಗ ತರಲು ಹೋಗಿದ್ದಾರೆ. ಅಷ್ಟರಲ್ಲಿ ಇದನ್ನು ಸೇರಿಸುತ್ತಿದ್ದೇನೆ. ನಾನು ಹೇಳಿದೆ ಅನ್ನಬೇಡ. ಅವರಿಗೆ ಕೆಲಸ ಏನೂ ಇಲ್ಲ. ಒಂದೂವರೆ ವರ್ಷದಿಂದ ಬಲಗೈ ನಡುಗುತ್ತದೆ. ಈಗ ಎಡಗೈಗೂ ಬಂದಿದೆ. ಅಂಗಿಯ ಗುಂಡಿ ನಾನು ಹಾಕಬೇಕು. ಅವತ್ತು ನಿಮ್ಮ ಮನೆಯಲ್ಲಿ ಕೈ ಕಟ್ಟಿಕೊಂಡು ನಿಂತದ್ದು, ಬಿಚ್ಚಿದರೆ ಎಲ್ಲರಿಗೂ ಕಾಣುತ್ತದೆ ಅಂತ. ಬಸ್ಸಿನಲ್ಲಿ ಊರು ಬರುವವರೆಗೂ ಅತ್ತರು. ಈಗ ನಿನ್ನ ಕಾಗದ ಬಂದ ದಿನ ಮಾತ್ರ ಶೆಡ್ಡಿನ ಬಾಗಿಲು ತೆಗೆಸುತ್ತಾರೆ. ಹಲಗೆ ನಿಲ್ಲಿಸಿ, ನೀನು ಏನು ಮಾಡಿರಬಹುದು ಅಂತ ನನಗೆ ಮಾಡಿ ತೋರಿಸುತ್ತಾರೆ. ನಿಲ್ಲಿಸಬೇಡ ಮಾರಾಯ್ತಿ, ಬರೆಯುತ್ತಿರು. — ಅಕ್ಕ)


ಸೆಪ್ಟೆಂಬರ್ 23

ಭಾವ,

ಉಜ್ಜುಗೊರಡು ಬಂದು ಸೇರಿತು. ಹಿಡಿಯಲ್ಲಿ ಎರಡು ಕಡೆ ಮರ ಸವೆದು ಗುಳಿಬಿದ್ದಿದೆ. ಒಂದು ಹೆಬ್ಬೆರಳು ನಿಮ್ಮಪ್ಪನದು, ಇನ್ನೊಂದು ನಿಮ್ಮದು ಇರಬೇಕು. ನನ್ನ ಹೆಬ್ಬೆರಳು ಚಿಕ್ಕದು, ಎರಡರ ನಡುವೆ ಕೂರುತ್ತದೆ.

ಹೋದ ತಿಂಗಳು ನಾನು ನಿಮಗೆ ಒಂದು ಮಾತು ಬರೆದೆ, ನೀವು ಬಂದು ಬೇಗ ಹೊರಟದ್ದರ ಬಗ್ಗೆ. ಅದನ್ನು ಬರೆಯಬಾರದಿತ್ತು. ಇಷ್ಟು ಸಾಕು ಅಂದುಕೊಳ್ಳುತ್ತೇನೆ, ನೀವೂ ಹೆಚ್ಚು ಕೇಳಬೇಡಿ.

ಒಂದು ಕಪಾಟು ನಿಂತಿತು. ಕಂಬದ ಪಕ್ಕಕ್ಕೆ ಅಂಟಿಕೊಂಡು ಕೂತಿದೆ. ಓರೆಪಟ್ಟಿ ಹಾಕುವ ಮೊದಲು ಬೆರಳಲ್ಲಿ ತಳ್ಳಿದರೆ ನೀವು ಹೇಳಿದ ಹಾಗೇ ವಾಲುತ್ತಿತ್ತು. ಹಾಕಿದ ಮೇಲೆ ಭುಜ ಕೊಟ್ಟು ನೂಕಿದೆ. ಅಲುಗಲಿಲ್ಲ!

ಎರಡನೆಯದು ಮಾತ್ರ ಹೋಗುತ್ತಿಲ್ಲ. ನೀವು ಹೇಳಿದಂತೆ ಮೂರು ಕಡೆ ಅಳೆದೆ. ಕೆಳಗೆ ಅರವತ್ತೆರಡು, ಮೇಲೆ ಅರವತ್ತೆರಡು. ನಡುವೆ ಅರವತ್ತೊಂದು ಮುಕ್ಕಾಲು. ಗೋಡೆಗೆ ಹೊಟ್ಟೆ ಬಂದಿದೆ ಭಾವ, ನನ್ನ ಸೊಂಟದ ಮಟ್ಟದಲ್ಲಿ. ಬೀಗದಮ್ಮನನ್ನು ಕರೆದು ಸ್ವಲ್ಪ ಗಾರೆ ಕೆತ್ತಲೇ ಅಂತ ಕೇಳಿದೆ. "ಗೋಡೆ ಮುಟ್ಟಿದರೆ ನೋಡು! ನಿನ್ನ ಕಪಾಟನ್ನ ಕೆತ್ತಿಕೋ" ಅಂದರು.

ಸಿಟ್ಟು ಬಂತು. ಆಮೇಲೆ ಅವರು ಹೇಳಿದ್ದೇ ಸರಿ ಅನಿಸಿತು. ಹೊಟ್ಟೆ ಇದ್ದವರಿಗೆ ಹೊಟ್ಟೆ ಕಡಿಮೆ ಮಾಡಿಕೊಂಡು ಬನ್ನಿ ಅಂತ ನಾನು ಯಾವತ್ತು ಹೇಳಿದ್ದೇನೆ? ಅಂಗಿಯನ್ನೇ ಅವರ ಮೈಗೆ ತಕ್ಕಂತೆ ಕತ್ತರಿಸುತ್ತೇನೆ. ಹಳೆಯ ಪತ್ರಿಕೆಗಳನ್ನು ಅಂಟಿಸಿ ಉದ್ದ ಪಟ್ಟಿ ಮಾಡಿದೆ. ಅಂಚು ಗೋಡೆಗೆ ತಾಗುವ ಹಾಗೆ ಹಿಡಿದು, ಗೋಡೆ ಎಲ್ಲಿ ಉಬ್ಬಿದೆಯೋ ಅಲ್ಲಿ ಚೂರುಚೂರೇ ಕತ್ತರಿಸುತ್ತ ಹೋದೆ, ಕಂಕುಳ ಬಳಿ ಕತ್ತರಿಸುವ ಹಾಗೆ. ಕೊನೆಗೆ ಕಾಗದ ಗೋಡೆಗೆ ಮೇಲಿಂದ ಕೆಳಗೆ ಸಂದಿಲ್ಲದೆ ಕೂತಿತು. ಆ ಗೆರೆಯನ್ನು ನಿಲುವು ಹಲಗೆಯ ಅಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದೇನೆ. ನಾಳೆಯಿಂದ ಅಷ್ಟನ್ನು ನಿಮ್ಮ ಉಜ್ಜುಗೊರಡಿನಲ್ಲಿ ತೆಗೆಯುತ್ತೇನೆ.

ನಿಮ್ಮ ಉತ್ತರ ಬರುವವರೆಗೆ ಕಾಯಲು ದಿನವಿಲ್ಲ. ತಪ್ಪಾದರೆ ಬೈದು ಬರೆಯಿರಿ.


ಸೆಪ್ಟೆಂಬರ್ 27

ತಂಗಿ, ಇದು ಬೇಗ ಸೇರಲಿ.

ಒಂದು ಇಂಚಿನ ಹಲಗೆಯಲ್ಲಿ ಕಾಲು ಇಂಚು ತೆಗೆದರೆ ಉಳಿಯುವುದು ಮುಕ್ಕಾಲು. ಆ ಜಾಗದಲ್ಲಿ ಆಧಾರದ ಪಟ್ಟಿಗೆ ಉದ್ದ ಸ್ಕ್ರೂ ಹಾಕಿದರೆ ಹಲಗೆ ತೂರಿ ಆಚೆ ಬರುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ. ಚಿಕ್ಕ ಸ್ಕ್ರೂ ಹಾಕು, ಎರಡರ ಬದಲು ಮೂರು. ಹಾಕುವ ಮೊದಲು ತೂತು ಕೊರೆ.

ಮಿಕ್ಕದ್ದರಲ್ಲಿ ಹೇಳಲು ಏನೂ ಇಲ್ಲ. ಅಕ್ಕನಿಗೆ ಮೂರು ಸಲ ಓದಿಸಿದೆ.


ಅಕ್ಟೋಬರ್ 1

ಭಾವ,

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು, ಎಲ್ಲ ಮುಗಿದ ಮೇಲೆ. ಸ್ಕ್ರೂ ವಿಷಯ ಓದಿದವಳೇ ಕಪಾಟಿನ ಹತ್ತಿರ ಓಡಿದೆ. ಆಮೇಲೆ ನೆನಪಾಯಿತು, ಆ ಜಾಗದಲ್ಲಿ ನಾನು ಚಿಕ್ಕದನ್ನೇ ಹಾಕಿದ್ದೆ. ಬಟ್ಟೆ ತೆಳ್ಳಗಾದರೆ ಸಣ್ಣ ಸೂಜಿ ತಾನೆ? ಮೂರೂ ಹಾಕಿದ್ದೆ. ಎರಡು ಹಾಕಿದಾಗ ಯಾಕೋ ಮನಸ್ಸಿಗೆ ಒಪ್ಪಲಿಲ್ಲ.

ಈಗ ನಿನ್ನೆಯದನ್ನು ಹೇಳುತ್ತೇನೆ, ಮೊದಲಿಂದ.

ಮೊನ್ನೆ ಮಧ್ಯಾಹ್ನ ಎರಡನೇ ಕಪಾಟನ್ನು ಜಾಗಕ್ಕೆ ತಳ್ಳಿದೆ. ಅರ್ಧ ಹೋಗಿ ನಿಂತಿತು. ಹೊರಗೆಳೆದು ಇನ್ನು ನಾಲ್ಕು ಸಲ ಉಜ್ಜಿದೆ. ಹೊಟ್ಟು ಸುರುಳಿ ಸುರುಳಿಯಾಗಿ ಬೀಳುತ್ತಿತ್ತು, ರಿಬ್ಬನ್ನಿನ ಹಾಗೆ. ಮತ್ತೆ ತಳ್ಳಿದೆ. ಈ ಸಲ ಅದು ಸುಮ್ಮನೆ ಒಳಗೆ ಹೋಯಿತು ಭಾವ. ಸದ್ದೇ ಇಲ್ಲ. ಗೋಡೆ ಅದನ್ನು ಹಿಡಿದುಕೊಂಡಿತು. ಸಂದಿನಲ್ಲಿ ಅಂಚೆಕಾರ್ಡು ತೂರಿಸಿ ನೋಡಿದೆ. ಎಲ್ಲೂ ಹೋಗಲಿಲ್ಲ!

ಅವತ್ತು ಸಂಜೆ, ನಿನ್ನೆ ಬೆಳಿಗ್ಗೆ, ಪುಸ್ತಕ ಹೊತ್ತೆ. ಮೂರನೇ ಅಡ್ಡಹಲಗೆ ತುಂಬುವಾಗ ಕಪಾಟು ಕಿರ್ ಅಂತ ಒಂದು ಸದ್ದು ಮಾಡಿ ನೆಲಕ್ಕೆ ಕೂತಿತು. ಕೈ ಅಡ್ಡ ಕೊಟ್ಟು ಹಿಡಿದೆ. ಆಮೇಲೆ ಸದ್ದಿಲ್ಲ. ಹತ್ತು ಗಂಟೆಯ ಹೊತ್ತಿಗೆ ನೆಲದ ಮೇಲೆ ಒಂದು ಹಾಳೆಯೂ ಇರಲಿಲ್ಲ.

ಹತ್ತೂವರೆಗೆ ಬೀಗದಮ್ಮ ಬಂದರು. ಹಿಂದೆ ಔಷಧಿಯ ಡಬ್ಬ ಬೆನ್ನಿಗೆ ಹಾಕಿಕೊಂಡ ಇಬ್ಬರು. ಗೇಟಿನ ಹತ್ತಿರ ರದ್ದಿಯವನ ಗಾಡಿಯೂ ನಿಂತಿತ್ತು. ಅವರೇ ಹೇಳಿ ಕಳಿಸಿದ್ದರು.

ಒಳಗೆ ಬಂದವರು ಕಪಾಟಿನ ಮುಂದೆ ನಿಂತುಬಿಟ್ಟರು. "ಯಾರು ಮಾಡಿದ್ದು?" ಅಂದರು.

"ನಾನೇ ಅಮ್ಮ."

"ಸುಳ್ಳು ಹೇಳಬೇಡ. ಗರಗಸದ ಸದ್ದು ನಾನೂ ಕೇಳಿದೀನಿ. ಯಾರನ್ನೋ ಕರೆಸ್ತಿದ್ದೆ."

ಅಂಗೈ ತೋರಿಸಿದೆ. ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಕೈಗೊಂಚಲು ಮೇಲಕ್ಕೆ ಸಿಕ್ಕಿಸಿ, ಕೆಳಗಿನ ಅಡ್ಡಹಲಗೆಯಲ್ಲಿ ಪುಸ್ತಕದ ಮುಂದೆ ಉಳಿದಿದ್ದ ಎರಡು ಇಂಚಿನ ಮೇಲೆ ಒಂದು ಕಾಲು ಇಟ್ಟರು. ಇನ್ನೊಂದನ್ನೂ ಇಟ್ಟರು! ನೀವು ಅವರನ್ನು ನೋಡಿಲ್ಲ. ಅವರ ರವಿಕೆಗೆ ನಾನು ಯಾವಾಗಲೂ ಕಾಲು ಮೀಟರು ಹೆಚ್ಚಿಗೆ ಕೇಳುತ್ತೇನೆ. ಮೇಲಿನ ಹಲಗೆ ಹಿಡಿದು ಎರಡು ಸಲ ಕುಲುಕಿದರು. ಕಪಾಟು ಕಲ್ಲಿನ ಹಾಗೆ ನಿಂತಿತ್ತು.

ಇಳಿದು ಚಪ್ಪಲಿ ಮೆಟ್ಟಿಕೊಂಡು ಔಷಧಿಯವರಿಗೆ ಹೇಳಿದರು: "ಕೆಳಗಡೆ ಮಾತ್ರ ಹೊಡೀರಿ. ಪುಸ್ತಕಕ್ಕೆ ಒಂದು ಹನಿ ತಾಗಿದರೂ ನಿಮ್ಮನ್ನ ಬಿಡಲ್ಲ." ಕಿಟಕಿಯಲ್ಲಿ ತಲೆ ಹಾಕಿ ರದ್ದಿಯವನನ್ನು ಕೂಗಿದರು: "ಹೋಗಪ್ಪಾ, ಇಲ್ಲಿ ರದ್ದಿ ಇಲ್ಲ."

ಇಲ್ಲಿ ರದ್ದಿ ಇಲ್ಲ. ಆ ಮಾತನ್ನು ನಿನ್ನೆಯ ಹಾಳೆಯಲ್ಲಿ ಒಂದೇ ಸಾಲಾಗಿ ಬರೆದಿಟ್ಟಿದ್ದೇನೆ. ಮಿಕ್ಕ ಮೂರು ಸಾಲು ಬೇಕಾಗಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮ ಮನೇಲೂ ಒಂದು ಮೂಲೆ ಇದೆ, ಸಾಮಾನು ಇಡೋಕೆ. ಅದಕ್ಕೂ ಹೊಟ್ಟೆ ಇದೆ" ಅಂದರು. ಗೋಡೆಗೆ ಅಂತ ತಿಳಿದುಕೊಂಡೆ.

ಭಾವ, ಐನೂರ ಮೂವತ್ತು ಬೆನ್ನುಗಳನ್ನು ಒಟ್ಟಿಗೆ ನಾನು ಈವರೆಗೆ ನೋಡಿರಲಿಲ್ಲ. ನಿಮ್ಮ ತಮ್ಮನೂ ನೋಡಿರಲಿಲ್ಲ. ಪ್ರೆಸ್ಸಿನ ಕೋಣೆಯಲ್ಲಿ ಎಲ್ಲ ಕಟ್ಟಿನಲ್ಲೇ ಇದ್ದವು. ಒಬ್ಬ ಮನುಷ್ಯ ಇಷ್ಟನ್ನು ಒಂದೊಂದು ಅಕ್ಷರ ನೋಡಿಕೊಂಡು ಬಂದಿದ್ದ ಅಂತ ನಿನ್ನೆಯೇ ನನಗೆ ಕಣ್ಣಿಗೆ ಕಂಡದ್ದು. ಬಾಗಿಲ ಕಡೆ ಹೋಗಿ ನಿಂತು ನೋಡಿದೆ. ಅಡುಗೆಮನೆಯಿಂದ ನೋಡಿದೆ. ಹೊಲಿಗೆ ಯಂತ್ರದ ಮುಂದೆ ಕೂತು ನೋಡಿದೆ. ಎಲ್ಲಿಂದ ನೋಡಿದರೂ ನೆಟ್ಟಗಿದೆ.


ಅಕ್ಟೋಬರ್ 6

ಬಡಗಿಗೆ ಅವಳ ಭಾವನ ನಮಸ್ಕಾರ.

ಕಾಗದ ನಿನ್ನೆ ಬಂತು. ಅಕ್ಕ ಓದಿದಳು. ರದ್ದಿಯವನ ಜಾಗದಲ್ಲಿ ನಿಲ್ಲಿಸಿ ಕಣ್ಣು ಒರೆಸಿಕೊಂಡಳು. ನಾನು "ಮುಂದೆ ಓದು, ಮುಂದೆ ಓದು" ಅಂತ ಗದರಿದೆ, ನನ್ನ ಮುಖ ಅವಳು ನೋಡದಿರಲಿ ಅಂತ. ಆಮೇಲೆ ಅದನ್ನು ಜೇಬಿನಲ್ಲಿಟ್ಟುಕೊಂಡು ಮರದ ಅಡ್ಡೆಗೆ ಹೋದೆ. ಅಲ್ಲಿ ನಾಲ್ಕು ಜನ ಹಳೆಯ ಕಸುಬುದಾರರು ಕೂರುತ್ತಾರೆ. ಒಂದೂವರೆ ವರ್ಷದಿಂದ ನಾನು ಆ ಕಡೆ ಕಾಲಿಟ್ಟಿರಲಿಲ್ಲ.

"ಉಬ್ಬಿದ ಗೋಡೆಗೆ ಕಪಾಟನ್ನ ಅಂಟಿಕೊಂಡ ಹಾಗೆ ಕೂರಿಸೋದು ಹೇಗೆ, ಹೇಳ್ರಯ್ಯಾ" ಅಂದೆ. ಒಬ್ಬ ಗಾರೆ ಮೆತ್ತಬೇಕು ಅಂದ. ಒಬ್ಬ ಪಟ್ಟಿ ಹೊಡೆದು ಮುಚ್ಚಬೇಕು ಅಂದ. ಪತ್ರಿಕೆಯನ್ನು ಗೋಡೆಗೆ ಹಿಡಿದು ಅಂಗಿಯ ಹಾಗೆ ಕತ್ತರಿಸಿದ ಕಥೆ ಹೇಳಿದೆ. "ಯಾರ ಕೈ ಅದು?" ಅಂದರು. "ನಮ್ಮ ಮನೆಯವಳು. ನನ್ನ ತಮ್ಮನ ಹೆಂಡತಿ" ಅಂದೆ. ಹೇಳುವಾಗ ಕೈಯೆತ್ತಿ ತೋರಿಸಿದ್ದೆ, ಅಳತೆ ಹಿಡಿದ ಹಾಗೆ. ಅದು ನಡುಗುತ್ತಿತ್ತು. ಎಲ್ಲರೂ ನೋಡಿದರು. ನೋಡಲಿ ಬಿಡು ಅಂತ ಜೇಬಿಗೆ ಹಾಕಿಕೊಳ್ಳಲಿಲ್ಲ.

ಅಕ್ಕ ಆವರಣದಲ್ಲಿ ಬರೆದ ಸಂಗತಿ ನನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೀರಿ ಇಬ್ಬರೂ. ನಲವತ್ತು ವರ್ಷ ಅವಳ ಜೊತೆ ಬಾಳಿದ್ದೇನೆ. ಲಕೋಟೆ ಅಂಟಿಸುವಾಗ ಅವಳು ನನ್ನ ಮುಖ ನೋಡಲಿಲ್ಲ.

ಇನ್ನೊಂದು ಮಾತನ್ನು ನಾನಾಗಿಯೇ ಹೇಳುತ್ತೇನೆ. ನನ್ನ ತಮ್ಮ ಮರದ ಕಸುಬು ಬಿಟ್ಟು ಪ್ರೆಸ್ಸಿಗೆ ಹೋದಾಗ, "ಆ ಕಾಗದದಿಂದ ನಿನಗೆ ಒಂದು ಕುರ್ಚಿ ಮಾಡಿಕೊಳ್ಳೋಕಾಗುತ್ತಾ?" ಅಂದಿದ್ದೆ. ಅದಾದ ಮೇಲೆ ಅವನು ತಿದ್ದಿದ ಒಂದೇ ಒಂದು ಪುಸ್ತಕವನ್ನೂ ನಾನು ಬಿಡಿಸಲಿಲ್ಲ. ಅವನೂ ಕೊಡಲಿಲ್ಲ. ನಮ್ಮಿಬ್ಬರ ಹಟ ಹಾಗಿತ್ತು. ನೀನು ಕಪಾಟು ಕೇಳಿ ಬರೆದಾಗ ನನಗೆ ಮೊದಲು ಬಂದದ್ದು ಸಿಟ್ಟು. ಆ ಪುಸ್ತಕಗಳು ಉಳಿಯಬೇಕು ಅಂತ ನನಗೆ ಅನಿಸಿದ್ದು ಯಾವಾಗ ಅಂತ ಹೇಳಲಾರೆ. ಹಲಗೆ ಒಂದು ಇಂಚು ಜಾಸ್ತಿ ಅಂತ ಬರೆದೆಯಲ್ಲ, ಅವತ್ತು ನನಗೆ ಊಟ ಸೇರಲಿಲ್ಲ.

ಭಾನುವಾರ ನಾವಿಬ್ಬರೂ ಬೆಳಗಿನ ಬಸ್ಸಿಗೆ ಬರುತ್ತೇವೆ. ಒಂದು ವಾರ ಇರುತ್ತೇವೆ, ಬೇಡ ಅಂದರೂ. ನಿಲ್ದಾಣಕ್ಕೆ ಬರಬೇಡ. ಬಾಗಿಲು ತೆಗೆದು ಪಕ್ಕಕ್ಕೆ ಸರಿ. ಮೊದಲು ಕಪಾಟು ನೋಡುತ್ತೇನೆ, ಆಮೇಲೆ ನಿನ್ನನ್ನು. ಮೂಲೆಮಟ್ಟ ತರುತ್ತೇನೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳುತ್ತೇನೆ.

ಆಮೇಲೆ ಅದರ ಮುಂದೆ ನನಗೊಂದು ಕುರ್ಚಿ ಹಾಕು. ಮೇಲಿನ ಸಾಲಿನ ಎಡಗಡೆಯಿಂದ ಶುರುಮಾಡುತ್ತೇನೆ. ಮೂವತ್ತು ವರ್ಷ ಅವನು ಏನು ಓದುತ್ತಿದ್ದ ಅಂತ ನೋಡಬೇಕು. ಉಳಿ ಹಿಡಿಯಲು ಈ ಕೈ ಬಾರದು. ಪುಟ ತಿರುವಲು ಬಂದೀತು, ಎರಡೆರಡು ಒಟ್ಟಿಗೆ ತಿರುಗಿದರೆ ನೀನು ಪಕ್ಕದಲ್ಲಿ ಕೂತು ಬಿಡಿಸಿಕೊಡು.